ಮೂರನೇ ಟೂರ್ನಮೆಂಟಿನಲ್ಲಿ ರಾಜ ನೆಗೆದದ್ದು

ಚೆಸ್ ಆರ್ಬಿಟರ್ ಆಗಲು ಏನೇನು ಬೇಕು ಎಂದು ಯಾರಾದರೂ ಕೇಳಿದರೆ ನಾನು ಮೊದಲು ಒಂದು ಲೋಟ ನೀರು ಕುಡಿಯುತ್ತೇನೆ. ಆರ್ಬಿಟರ್ ಎಂದರೆ ಟೂರ್ನಮೆಂಟು ನಡೆಸುವ, ತಕರಾರು ಬಂದರೆ ತೀರ್ಪು ಕೊಡುವ ಮನುಷ್ಯ. ಅದಕ್ಕೊಂದು ಪರೀಕ್ಷೆ ಇದೆ. ಅದನ್ನು ನಾನು ಮೊದಲ ಸಲಕ್ಕೇ ಪಾಸು ಮಾಡಿದೆ. ಕಷ್ಟ ಇರುವುದು ಆಮೇಲೆ. ಪರೀಕ್ಷೆಯಾದ ಎರಡು ವರ್ಷದೊಳಗೆ, ಮಾನ್ಯತೆ ಪಡೆದ ಹಿರಿಯ ಆರ್ಬಿಟರ್ ಒಬ್ಬರ ಕೈಕೆಳಗೆ ಮೂರು ಟೂರ್ನಮೆಂಟುಗಳಲ್ಲಿ ಸಹಾಯಕಿಯಾಗಿ ದುಡಿದಿರಬೇಕು. ಯಾವುದೋ ಒಂದು ಟೂರ್ನಮೆಂಟು ಅಂದರೆ ಆಗುವುದಿಲ್ಲ. ಗಡಿಯಾರ ಇಟ್ಟು ಆಡಿರಬೇಕು, ಹೇಳಿದ ಸುತ್ತುಗಳೆಲ್ಲ ಮುಗಿದಿರಬೇಕು, ಕಡಿಮೆ ಅಂದರೆ ಮೂವತ್ತು ಜನ ಕೊನೆಯ ಸುತ್ತಿನವರೆಗೂ ಆಡಿ ಮುಗಿಸಿರಬೇಕು. ಇಲ್ಲದಿದ್ದರೆ ಪರೀಕ್ಷೆ ಮತ್ತೆ ಬರೆಯಬೇಕು. ಓದುವಾಗ ಎಲ್ಲವೂ ನ್ಯಾಯವಾಗಿಯೇ ಕಾಣುತ್ತದೆ. ಇದನ್ನು ಬರೆದ ಮಹಾನುಭಾವರು ನಂಜನಗೂಡಿನಲ್ಲಾಗಲಿ ಟಿ. ನರಸೀಪುರದಲ್ಲಾಗಲಿ ಒಂದು ಟೂರ್ನಮೆಂಟನ್ನೂ ಕಣ್ಣಾರೆ ನೋಡಿಲ್ಲ, ಅಷ್ಟೇ.

ನಾನು ನರಸೀಪುರದ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುವವಳು. ಕ್ರೀಡಾಕೂಟ ಬಂದರೆ ಕಬಡ್ಡಿ, ಖೋ ಖೋ ಎಲ್ಲ ಪಿ.ಟಿ. ಮಾಸ್ತರರ ಪಾಲಿಗೆ, ಚೆಸ್ಸು ಮಾತ್ರ ನನ್ನ ತಲೆಗೆ. ಕೂತಲ್ಲೇ ಆಡುವ ಆಟ, ಮೇಡಂ ನೋಡಿಕೊಳ್ಳಲಿ ಎಂದು. ನೋಡಿಕೊಳ್ಳುತ್ತಿದ್ದೆ, ತೀರ್ಪೂ ಕೊಡುತ್ತಿದ್ದೆ. ಆಮೇಲೆ ಸೋತ ಹುಡುಗನ ಅಪ್ಪ ಬರುತ್ತಿದ್ದ, ಅವನ ಹಿಂದೆ ಅವನ ಪರಿಚಯದವರು ಬರುತ್ತಿದ್ದರು, ಕೊನೆಗೆ ಹೆಡ್‌ಮಾಸ್ತರರು ಬಂದು, “ಬುಡಿ ಮೇಡಂ, ಇಬ್ರಿಗೂ ಫಸ್ಟ್ ಪ್ರೈಜ್ ಕೊಟ್ಬುಡಿ” ಎನ್ನುತ್ತಿದ್ದರು. ಗೆದ್ದವರ ಮುಖವನ್ನು ಯಾರೂ ನೋಡುತ್ತಿರಲಿಲ್ಲ. ನೋಡಿ ನೋಡಿ ರೋಸಿಹೋಗಿ ನಾನು ಪರೀಕ್ಷೆಗೆ ಕೂತದ್ದು. ನನಗೆ ಬೇಕಾಗಿದ್ದದ್ದು ಇಷ್ಟೇ: ನಾನು ಒಂದು ಮಾತು ಹೇಳಿದರೆ ಅದು ನಿಲ್ಲಬೇಕು.

ಮೊದಲು ಸಿಕ್ಕಿದ್ದು ನಂಜನಗೂಡಿನ ಒಂದು ಕಲ್ಯಾಣ ಮಂಟಪದಲ್ಲಿ. ಆರು ಸುತ್ತಿನ ಆಟ. ಜನ ಬೇಕಾದಷ್ಟಿದ್ದರು, ಗಡಿಯಾರಗಳಿದ್ದವು, ನಾನು ಸ್ವರ್ಗದಲ್ಲಿದ್ದೆ. ಐದನೇ ಸುತ್ತು ನಡೆಯುತ್ತಿರುವಾಗಲೇ ಬಹುಮಾನ ಕೊಡಬೇಕಾದ ಮುಖ್ಯ ಅತಿಥಿಗಳು ಬಂದುಬಿಟ್ಟರು. ಅವರಿಗೆ ಇನ್ನೆರಡು ಮದುವೆಗೆ ಹೋಗಬೇಕಂತೆ. ಆರನೇ ಸುತ್ತನ್ನೇ ರದ್ದು ಮಾಡಿ ಹಾರ, ಪೇಟ, ಹಣ್ಣಿನ ಬುಟ್ಟಿ ತಂದರು. ಟೂರ್ನಮೆಂಟು ನನ್ನ ಲೆಕ್ಕಕ್ಕೆ ಬರಲಿಲ್ಲ. ಇನ್ನೊಂದು ಸಲ ಅದೇ ಊರಿನಲ್ಲಿ, ಹೆಣ್ಣುಮಕ್ಕಳನ್ನು ಬೇರೆ ಆಡಿಸಿದರೆ ಚೆನ್ನ ಎಂದು ಯಾರಿಗೋ ಬೆಳಗಾಗೆದ್ದು ತೋಚಿ, ಇದ್ದ ಜನವನ್ನು ಎರಡು ಭಾಗ ಮಾಡಿದರು. ಎರಡರಲ್ಲೂ ಮೂವತ್ತು ಜನ ಆಗಲಿಲ್ಲ. ಆ ದಿನ ನಾನು ಊಟ ಮಾಡದೆ ಸುತ್ತೂರಿನ ಮೇಲೆ ಬರುವ ಬಸ್ಸು ಹತ್ತಿದೆ. ಊಟ ಬಿಟ್ಟದ್ದು ಯಾರಿಗೂ ಗೊತ್ತಾಗಲಿಲ್ಲ, ಅದೂ ಒಂದು ಸಿಟ್ಟು.

ಕೊನೆಗೆ ಮೈಸೂರಿಗೆ ಅಲೆದು ಅಲೆದು ಎರಡು ಟೂರ್ನಮೆಂಟು ದಕ್ಕಿಸಿಕೊಂಡೆ. ಮೂರನೆಯದು ನಮ್ಮ ನರಸೀಪುರದಲ್ಲೇ, ಸಮುದಾಯ ಭವನದಲ್ಲಿ ನಡೆಯುವುದಿತ್ತು. ನನ್ನ ಎರಡು ವರ್ಷದ ಗಡುವು ಮುಗಿಯುತ್ತಾ ಬಂದಿತ್ತು. ಇದು ತಪ್ಪಿದರೆ ಇನ್ನೊಂದಿಲ್ಲ. ನಡೆಸುವವರು ಗೊಬ್ಬರದ ಅಂಗಡಿಯ ಯಜಮಾನರು, ಚೆಸ್ಸಿನ ಗಂಧಗಾಳಿ ಇಲ್ಲದಿದ್ದರೂ ಉತ್ಸಾಹಕ್ಕೆ ಕೊರತೆಯಿಲ್ಲದ ಮನುಷ್ಯ. ಮೈಸೂರಿನಿಂದ ಹಿರಿಯ ಆರ್ಬಿಟರ್ ಬಂದರು. ಅವರು ನಗುವುದನ್ನು ನಾನು ಯಾವತ್ತೂ ಕಂಡಿಲ್ಲ.

ಬೆಳಿಗ್ಗೆ ತಲೆ ಎಣಿಸಿದರೆ ಇಪ್ಪತ್ತೆಂಟು, ಬಹುಪಾಲು ಶಾಲೆಯ ಮಕ್ಕಳು. ಇನ್ನೊಮ್ಮೆ ಎಣಿಸಿದೆ, ಅಷ್ಟೇ. “ಎಲ್ಲಿಂದಾದ್ರೂ ಇಬ್ರನ್ನ ಕರ್ಕೊಂಡ್ಬನ್ನಿ” ಎಂದು ಯಜಮಾನರ ಬೆನ್ನುಬಿದ್ದೆ. ಅವರು ರಸ್ತೆ ದಾಟಿ ಹೋಗಿ, ತಮ್ಮ ಅಂಗಡಿಯ ಜಗಲಿಯ ಮೇಲೆ ದಿನಾ ಚದುರಂಗ ಆಡುವ ಇಬ್ಬರು ಹಿರಿಯರನ್ನು ಎಬ್ಬಿಸಿಕೊಂಡು ಬಂದರು. ಒಬ್ಬರು ಮೂಗೂರಿನ ರೈತರು, ಡೈರಿಗೆ ಹಾಲು ಹಾಕಿ ಬಸ್ಸು ಹತ್ತಿ ಇಲ್ಲಿಗೆ ಬರುವವರು. ಇನ್ನೊಬ್ಬರು ಊರಿಗೆಲ್ಲ ಕರೆಂಟಿನ ಕಂಬ ಹತ್ತಿ ರಿಟೈರಾದ ಲೈನ್‌ಮನ್. ಮೂವತ್ತಾಯಿತು. ಅವರಿಬ್ಬರಿಗೂ ಕೈ ಮುಗಿಯುವುದೊಂದು ಬಾಕಿ.

ಮೊದಲ ಐದು ಸುತ್ತುಗಳಲ್ಲೂ ಇಬ್ಬರನ್ನೂ ಮಕ್ಕಳು ಚಕಚಕನೆ ಸೋಲಿಸಿದರು. ಊರ ಚದುರಂಗದಲ್ಲಿ ಕಾಲಾಳು ಯಾವಾಗಲೂ ಒಂದೇ ಮನೆ ನಡೆಯುವುದು. ಮಕ್ಕಳು ಅದನ್ನು ಮೊದಲಿಗೇ ಎರಡು ಮನೆ ನಡೆಸಿದಾಗ, ಪಾಪ, ಈಗಿನ ಮಕ್ಕಳಿಗೆ ಅವಸರ ಜಾಸ್ತಿ ಎಂದು ಇವರಿಬ್ಬರೂ ಸುಮ್ಮನಿದ್ದರಂತೆ. ಹೀಗಾಗಿ ಕೊನೆಯ ಸುತ್ತಿನಲ್ಲಿ, ಕೊನೆಯ ಬೋರ್ಡಿನಲ್ಲಿ, ಸೊನ್ನೆ ಅಂಕದ ಅವರಿಬ್ಬರೇ ಎದುರುಬದುರಾದರು. ಜಗಲಿಯ ಆಟವೇ ಒಳಗೆ ಬಂದಂತಾಯಿತು.

ನಾನು ಅವರ ಪಕ್ಕದಲ್ಲಿ ಹಾದುಹೋಗುತ್ತಿದ್ದೆ. ಮೂಗೂರಿನವರು ತಮ್ಮ ರಾಜನನ್ನು ಎತ್ತಿ ಕುದುರೆಯ ಹಾಗೆ ನೆಗೆಸಿ ಮೂಲೆಯ ಹತ್ತಿರ ಇಟ್ಟು ಗಡಿಯಾರ ಒತ್ತಿದರು. ಲೈನ್‌ಮನ್ “ಹೂಂ” ಎಂದು ತಮ್ಮ ಆನೆ ನಡೆಸಿದರು. ನನಗೂ ಅದರಲ್ಲಿ ಏನೂ ತಪ್ಪು ಕಾಣಲಿಲ್ಲ. ನನ್ನಪ್ಪ ನನಗೆ ಕಲಿಸಿದ್ದೂ ಹಾಗೆಯೇ: ಆಟದಲ್ಲಿ ಒಂದೇ ಒಂದು ಸಲ ರಾಜ ಕುದುರೆಯಂತೆ ನೆಗೆಯಬಹುದು. ಎರಡು ಬೋರ್ಡು ದಾಟಿದ ಮೇಲೆ ತಲೆಗೆ ಹೊಳೆಯಿತು: ಅದು ಊರ ಚದುರಂಗದ ನಿಯಮ, ಟೂರ್ನಮೆಂಟಿನದಲ್ಲ. ಅಯ್ಯೋ ಶಿವನೇ ಎಂದು ತಿರುಗಿ ಬಂದು ಗಡಿಯಾರ ನಿಲ್ಲಿಸಿದೆ.

“ಏನಾಯ್ತು ತಾಯಿ?” ಎಂದರು ಮೂಗೂರಿನವರು.

“ರಾಜ ಹಾಗೆ ನೆಗೆಯುವ ಹಾಗಿಲ್ಲ, ಅಜ್ಜ. ಅದು ತಪ್ಪು ನಡೆ.”

“ಒಂದ್ಸಲ ನೆಗಿಬೋದು ಕಣವ್ವ. ನಮ್ಮಪ್ಪನ ಕಾಲ್ದಿಂದ್ಲೂವೆ ನೆಗಿತಾವ್ನೆ.”

ಎದುರಾಳಿಯಾದರೂ ನನ್ನ ಕಡೆ ಇರಬಾರದೇ? ಇಲ್ಲ. “ನೆಗುದ್ರೆ ನಂಗಲ್ವಾ ಕಷ್ಟ? ನಾನೇ ಒಪ್ಕಂಡಿವ್ನಿ, ನಿಮ್ದೇನು ಮೇಡಮ್ಮೋರೆ?” ಎಂದರು ಲೈನ್‌ಮನ್.

ಯಜಮಾನರು ಓಡಿ ಬಂದು ನನ್ನನ್ನು ಪಕ್ಕಕ್ಕೆ ಕರೆದರು. “ಬುಡಿ ಮೇಡಂ. ಇವ್ರು ಮುನಿಸ್ಕಂಡು ಎದ್ದೋದ್ರೆ ಇಪ್ಪತ್ತೆಂಟು ಆಯ್ತದೆ, ನಿಮ್ಗೇ ಲಾಸು.” ಅದು ನನಗೆ ಗೊತ್ತಿಲ್ಲವೇ? ಬೆಳಗಿನಿಂದ ನಾನು ಬೇರೆ ಏನನ್ನು ಎಣಿಸಿದ್ದೇನೆ? ಹಿರಿಯ ಆರ್ಬಿಟರ್ ಕಡೆ ನೋಡಿದೆ. ಅವರು ಕನ್ನಡಕ ಒರೆಸುತ್ತಾ, “ನಿಮ್ಮ ಬೋರ್ಡು, ನೀವೇ ಹೇಳಿ” ಎಂದರು.

ಸುಮ್ಮನಿರಬಹುದಿತ್ತು. ಇಬ್ಬರಿಗೂ ಸೊನ್ನೆ ಅಂಕ, ಆ ಆಟ ಯಾರು ಗೆದ್ದರೂ ಯಾರಿಗೂ ಏನೂ ಆಗಬೇಕಾಗಿರಲಿಲ್ಲ. ಆದರೆ ಪಕ್ಕದ ಬೋರ್ಡಿನ ಮಕ್ಕಳು ಆಟ ಬಿಟ್ಟು ನನ್ನ ಬಾಯನ್ನೇ ನೋಡುತ್ತಿದ್ದರು. ಬುಡಿ ಮೇಡಂ, ಬುಡಿ ಮೇಡಂ ಎಂದು ಕೇಳಿ ಕೇಳಿ ನನ್ನ ಕಿವಿ ತೂತಾಗಿತ್ತು. ತೀರ್ಪು ಕೊಟ್ಟೆ. ರಾಜನೂ ಆನೆಯೂ ಹಿಂದಿನ ಮನೆಗೆ ಹೋಗಬೇಕು. ರಾಜನನ್ನು ಮುಟ್ಟಿದ್ದರಿಂದ ಅವನನ್ನೇ ಸರಿಯಾಗಿ ಒಂದು ಮನೆ ನಡೆಸಬೇಕು. ತಪ್ಪಿನ ದಂಡವಾಗಿ ಎದುರಾಳಿಗೆ ಎರಡು ನಿಮಿಷ ಹೆಚ್ಚು ಸಮಯ.

“ನಂಗ್ಯಾಕೆ ಎರಡ್ನಿಮಿಷ? ಅವ್ನು ನಂಗೇನು ಮೋಸ ಮಾಡಿದ್ನಾ?” ಎಂದರು ಲೈನ್‌ಮನ್. ಅವರಿಗೆ ನಿಜವಾಗಿಯೂ ಬೇಸರವಾಗಿತ್ತು. ಗೆಳೆಯನನ್ನು ನಾನು ಕಳ್ಳನೆಂದು ಕರೆದೆ ಎಂದೇ ಅವರ ತಿಳುವಳಿಕೆ. “ನಡಿಯಪ್ಪ, ನಮ್ ಜಗಲಿನೇ ವಾಸಿ” ಎಂದು ಗೆಳೆಯನ ತೋಳು ಹಿಡಿದು ಎಬ್ಬಿಸಿದರು. ನಾನು ಹಿಂದೆ ಹೋಗಿ ಬೇಡಿಕೊಂಡೆ, ಹೌದು, ಬಾಗಿಲವರೆಗೂ ಹೋಗಿ ಬೇಡಿಕೊಂಡೆ. ಮೂಗೂರಿನವರು “ಬೇಜಾರ್ ಮಾಡ್ಕಬೇಡಿ ತಾಯಿ, ನಿಮ್ ಆಟ ನಮ್ಗೆ ಒಗ್ಗಲ್ಲ” ಎಂದು ಸಮಾಧಾನ ಹೇಳಿ ಚಪ್ಪಲಿ ಮೆಟ್ಟಿದರು.

ಬಹುಮಾನ ವಿತರಣೆ ಮುಗಿದ ಮೇಲೆ ಹಿರಿಯ ಆರ್ಬಿಟರ್ ನನ್ನನ್ನು ಕರೆದರು. “ನಿಮ್ಮ ತೀರ್ಪು ಸರಿಯಾಗಿತ್ತು. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ಆದರೆ ಆಡಿ ಮುಗಿಸಿದವರು ಇಪ್ಪತ್ತೆಂಟು. ಲೆಕ್ಕಕ್ಕೆ ಬರುವುದಿಲ್ಲ.” ನಾನು ಸರಿಯಾಗಿ ಕೆಲಸ ಮಾಡಿದ್ದಕ್ಕೇ ನನಗೆ ಕೆಲಸ ಬರುವುದಿಲ್ಲ ಎಂದಾಯಿತಲ್ಲ ಸಾರ್ ಎಂದೆ. ಹಾಗಲ್ಲ ಎಂದರು. ಹೇಗೆ ಎಂದು ಹೇಳಲಿಲ್ಲ.

ತಲೆ ಸಿಡಿಯುತ್ತಿತ್ತು. ರಸ್ತೆ ದಾಟಿ ಟೀ ಅಂಗಡಿಗೆ ಹೊರಟೆ. ಗೊಬ್ಬರದ ಅಂಗಡಿಯ ಜಗಲಿಯಲ್ಲಿ ಅವರಿಬ್ಬರೂ ಆಡುತ್ತಿದ್ದರು, ಜೊತೆಗೆ ಜೋರಾಗಿ ಕಿತ್ತಾಡುತ್ತಲೂ ಇದ್ದರು. ನನ್ನನ್ನು ಕಂಡದ್ದೇ ಲೈನ್‌ಮನ್, “ಮೇಡಮ್ಮೋರೆ, ಬನ್ನಿ ಇಲ್ಲಿ, ನೀವೇ ನ್ಯಾಯ ಏಳಿ” ಎಂದು ಕೂಗಿದರು. ತಕರಾರು ಇದು: ಈಗ ಲೈನ್‌ಮನ್ ತಮ್ಮ ರಾಜನನ್ನು ನೆಗೆಸಿಬಿಟ್ಟಿದ್ದರು. ಆಗಲೇ ಒಂದು ಸಲ ಚೆಕ್ ಕೊಟ್ಟಿದ್ದೇನೆ, ಚೆಕ್ ಬಿದ್ದ ರಾಜ ನೆಗೆಯುವಂತಿಲ್ಲ ಎಂದು ಮೂಗೂರಿನವರ ವಾದ. ಚೆಕ್ಕಿಗೆ ನಾನು ಒಂಟೆ ಅಡ್ಡ ಇಟ್ಟೆ, ರಾಜ ಅಲ್ಲಾಡಲೇ ಇಲ್ಲ, ಆದ್ದರಿಂದ ನೆಗೆಯಬಹುದು ಎಂದು ಇವರ ವಾದ.

“ಚೆಕ್ ಬಿದ್ದ ಮೇಲೆ ಮುಗಿಯಿತು. ಅಡ್ಡ ಇಟ್ಟರೂ ಅಷ್ಟೇ” ಎಂದೆ.

ಲೈನ್‌ಮನ್ ರಾಜನನ್ನು ಎತ್ತಿ ಹಿಂದಿನ ಮನೆಯಲ್ಲಿಟ್ಟರು. ಯಾರೂ ಬುಡಿ ಮೇಡಂ ಎನ್ನಲಿಲ್ಲ. ಯಾರನ್ನೂ ಕರೆತರಲಿಲ್ಲ.

ಹಿರಿಯ ಆರ್ಬಿಟರ್ ಕಾರು ಹತ್ತಲು ಬಂದವರು ನಿಂತು ಇದನ್ನೆಲ್ಲ ನೋಡಿದ್ದರು. ನಾನು ಸಿಟ್ಟಿಗೇ ಕೇಳಿದೆ: “ಸಾರ್, ಇದಾದರೂ ಲೆಕ್ಕಕ್ಕೆ ಬರುತ್ತಾ?”

ಆ ಮನುಷ್ಯ ನಿಜವಾಗಿಯೂ ಯೋಚಿಸಿದರು. ಆಮೇಲೆ ಹೇಳಿದರು: “ಇಲ್ಲ ಮೇಡಂ. ಇಬ್ಬರೇ ಆದರಲ್ಲ. ಗಡಿಯಾರವೂ ಇಲ್ಲ.”

ಕಾರು ಹೋಯಿತು. ನನಗೆ ಅಳು ಬಂತು, ನಡುರಸ್ತೆ ಎಂದೂ ನೋಡದೆ ಬಂತು. ಹಿಂದಿನಿಂದ ಮೂಗೂರಿನವರು ಕೂಗುತ್ತಿದ್ದರು. “ಎಲ್ಲೋಯ್ತೀರಿ ತಾಯಿ? ಆಟ ಮುಗಿಯೋ ಗಂಟ ಇರಿ. ಇವ್ನು ನನ್ ಮಾತು ಕೇಳಲ್ಲ.”

ಕಣ್ಣು ಒರೆಸಿಕೊಂಡು ಹೋಗಿ ಜಗಲಿಯ ಮೇಲೆ ಕೂತೆ.