ಚಿನ್ನದ ಗುಂಡಿನಲ್ಲಿ ಕಂಡ ಕೈ

ನನ್ನ ನಾದಿನಿಗೆ ಮನೆಯವರೆಲ್ಲ ಇಟ್ಟ ಹೆಸರು ಭೂತಗನ್ನಡಿ. ಇರುವೆ ಹೋದರೂ ಬಿಡದೆ ಬಗ್ಗಿ ನೋಡುವವಳು. ಬಟ್ಟೆ ಅಂಗಡಿಯ ಕೆಲಸ ಹೋದ ಮೇಲೆ ಒಂದು ಹಳೆಯ ಕ್ಯಾಮೆರಾ ತಂದು, ಹತ್ತಿರದಿಂದ ಹಿಡಿಯುವ ಲೆನ್ಸ್ ಸಿಕ್ಕಿಸಿ, ಬೀಗದ ಕೈ, ಸೂಜಿಯ ಕಣ್ಣು, ನನ್ನ ಉಂಗುರ ಎಲ್ಲದರ ಫೋಟೋ ತೆಗೆದಳು. ಮೊದಮೊದಲು ಎಲ್ಲವೂ ಮಸುಕು. ಉಂಗುರದ ಕಲ್ಲು ನಿಚ್ಚಳವಾದರೆ ಹಿಂಬದಿ ಮಂಜು. ಕೊನೆಗೆ ಕ್ಯಾಮೆರಾ ಅಲುಗದಂತೆ ಇಟ್ಟು, ಫೋಕಸ್ ಮಾತ್ರ ಕೂದಲೆಳೆಯಷ್ಟು ಸರಿಸುತ್ತ ಹಲವು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಒಂದಾಗಿಸುವುದನ್ನು ಕಲಿತಳು.

"ಚಿನ್ನ ಅಂದ್ರೆ ಕನ್ನಡಿ ಅತ್ತಿಗೆ. ಓಲೆ ಫೋಟೋ ತೆಗೆಯೋಕೆ ಹೋದ್ರೆ ಅದರಲ್ಲಿ ನನ್ನ ಮೂಗೇ ದೊಡ್ಡದಾಗಿ ಬೀಳುತ್ತೆ."

"ಅಷ್ಟುದ್ದದ ಮೂಗನ್ನ ಎಲ್ಲಿ ಬಚ್ಚಿಡ್ತೀಯೇ?"

ಬಚ್ಚಿಟ್ಟಳು. ಒಡವೆಯ ಸುತ್ತ ಬಿಳಿ ಕಾಗದದ ಪುಟ್ಟ ಗುಡಾರ ಕಟ್ಟಿ, ಲೆನ್ಸಿಗಷ್ಟೇ ತೂತು ಬಿಟ್ಟು, ತಾನು ತಲೆಯಿಂದ ಕಪ್ಪು ಬಟ್ಟೆ ಹೊದ್ದು ಕೂತಳು. ಅದೂ ನೆಲದ ಮೇಲೆ, ಬೀದಿಯಲ್ಲಿ ಬಸ್ಸು ಹೋದರೆ ಮೇಜು ಗಡಗಡ ಅನ್ನುತ್ತದೆಂದು. ನೆಲ ಇನ್ನೊಬ್ಬಳ ರಾಜ್ಯ, ಅಂಬೆಗಾಲಿಡುವ ನನ್ನ ಮಗಳದು ಎಂಬುದು ನಮ್ಮಿಬ್ಬರಿಗೂ ಹೊಳೆಯಲಿಲ್ಲ.

ಬೀದಿ ಕೊನೆಯ ಅಕ್ಕಸಾಲಿಗರು ಮೊದಲ ಬಾರಿಗೆ ನಂಬಿ, ಫೋಟೋ ತೆಗೆದುಕೊಡಲು ಒಂದು ಜೊತೆ ಓಲೆ ಕೊಟ್ಟಿದ್ದರು. ಕೆಳಗೆ ಒಂದೊಂದು ಚಿನ್ನದ ಗುಂಡು ಜೋತಾಡುವಂಥವು. ಒಳ್ಳೆಯ ಬೆಳಕಿನ ಕಿಟಕಿ ಇರುವುದು ಮಗಳು ಮಲಗಿದ್ದ ಕೋಣೆಗೇ. ನಾನು ಬಟ್ಟೆ ಒಣಹಾಕಲು ಮಹಡಿಗೆ ಹೋದೆ. ನಾದಿನಿ ಓಲೆ ನೆಟ್ಟಗೆ ಕೂರಲೆಂದು ಕಿವಿಯ ಹಿಂದೆ ಬಿಗಿಯುವ ತಿರುಪುಗಳನ್ನು ಬಿಚ್ಚಿ, ಗುಡಾರದ ಅಂಚಿನಲ್ಲೇ ಇಟ್ಟು, ಕಪ್ಪು ಬಟ್ಟೆಯೊಳಗೆ ಹೊಕ್ಕಳು.

ನಾನು ಇಳಿದು ಬಂದಾಗ ಮಗಳು ಎದ್ದು ಕೂತು ಕೆಮ್ಮುತ್ತಿದ್ದಳು. ಜೊಲ್ಲು ಎದೆಗಿಳಿದಿತ್ತು.

"ಅತ್ತಿಗೆ, ಒಂದು ತಿರುಪು ಕಾಣ್ತಿಲ್ಲ."

ಮಗಳ ಬಾಯಿ ತೆರೆಸಿ ನೋಡಿದೆ. ಮೂಡುತ್ತಿದ್ದ ಹಲ್ಲು, ನಾಲಿಗೆ, ಅಷ್ಟೇ. ಚಾಪೆ ಕೊಡವಿದೆವು, ಹಾಸಿಗೆ ಎತ್ತಿದೆವು.

"ಎಲ್ಲೋ ಉರುಳಿರುತ್ತೆ ಕಣೇ," ಎಂದೆ. ನನ್ನ ದನಿಯನ್ನು ನಾನೇ ನಂಬಲಿಲ್ಲ.

ಅವಳು ಕ್ಯಾಮೆರಾದಲ್ಲಿ ಒಂದೊಂದೇ ಫೋಟೋ ಸರಿಸಿದಳು. ಕೊನೆಯದರಲ್ಲಿ ಓಲೆಯ ಗುಂಡನ್ನು ದೊಡ್ಡದು ಮಾಡಿ ನನ್ನ ಕಡೆ ತಿರುಗಿಸಿದಳು. ಗುಂಡಿನ ಮೈಯಲ್ಲಿ ಬಿಳಿ ಗುಡಾರ, ನಡುವೆ ಲೆನ್ಸಿನ ಕಪ್ಪು ಕಣ್ಣು, ಅಂಚಿನಲ್ಲಿ ಕಾಗದದ ಅಡಿಯಿಂದ ನುಗ್ಗಿದ ಬೆರಳುಗಳು. ಸೊಟ್ಟಗಾಗಿ, ಊದಿ, ರಾಕ್ಷಸನ ಕೈಯಂತೆ ಕಂಡದ್ದು ನನ್ನ ಕೂಸಿನ ಕೈ.

ಸಿಕ್ಕಿದ ಗಾಡಿ ಹತ್ತಿ ಆಸ್ಪತ್ರೆಗೆ ಹೊರಟೆವು. ದಾರಿಯುದ್ದಕ್ಕೂ ಮಗಳ ಎದೆಗೆ ಕಿವಿಯಿಟ್ಟಿದ್ದೆ. ಕೆಮ್ಮು ನಿಂತರೆ ಉಸಿರೇ ನಿಂತಿತೇ ಎಂದು ಜೀವ ಹೋಗುತ್ತಿತ್ತು.

"ನಂಗೆ ಬೈದುಬಿಡಿ ಅತ್ತಿಗೆ."

"ಬೈಗುಳ ಎಲ್ಲೂ ಓಡಿಹೋಗಲ್ಲ. ಅವಳ ತುಟಿ ಬಣ್ಣ ನೋಡ್ತಾ ಇರು."

ಡಾಕ್ಟರಮ್ಮ ಎಕ್ಸ್‌ರೇ ತೆಗೆಸಿದರು. ತೆರೆಯ ಮೇಲೆ ಹಕ್ಕಿಮರಿಯದಂಥ ಪಕ್ಕೆಲುಬುಗಳು. ಅವುಗಳ ಕೆಳಗೆ, ಬೆಳ್ಳಗೆ, ತಿರುಪು. ನಾದಿನಿ ನನ್ನ ತೋಳನ್ನು ಉಗುರು ಊರುವಂತೆ ಹಿಡಿದಳು.

"ಉಸಿರಿನ ದಾರಿಗೆ ಹೋಗಿಲ್ಲ, ಹೊಟ್ಟೆಗೆ ಇಳಿದಿದೆ. ಮಲದಲ್ಲಿ ತಾನಾಗೇ ಬರುತ್ತೆ," ಎಂದರು ಡಾಕ್ಟರಮ್ಮ. "ವಾಂತಿ, ರಕ್ತ, ಹೊಟ್ಟೆನೋವು ಅಂದ್ರೆ ಮಾತ್ರ ತಕ್ಷಣ ಕರ್ಕೊಂಡು ಬನ್ನಿ."

ಅವರ ಮೊದಲ ಮಾತು ಕಿವಿಯಲ್ಲಿ ನಿಲ್ಲಲಿಲ್ಲ. ಕೊನೆಯದು ಮನೆಯವರೆಗೂ ಬಂತು. ಮಗಳು ಹಾಲು ಕಕ್ಕಿದರೂ ಚಪ್ಪಲಿ ಮೆಟ್ಟಿಕೊಳ್ಳುತ್ತಿದ್ದೆ.

ಅವಳ ಕೊಳೆಬಟ್ಟೆಯನ್ನು ನಾದಿನಿ ನನಗೆ ಮುಟ್ಟಗೊಡಲಿಲ್ಲ. "ಬಿಡಿ, ಸಣ್ಣದನ್ನ ಹುಡುಕೋದು ನನ್ನ ಕೆಲಸ."

"ಮೊನ್ನೆವರೆಗೂ ಮೂಗು ಮುಚ್ಕೊಂಡು ಓಡೋಳು, ಈಗ ನೋಡು!" ಎಂದರು ಅತ್ತೆ. ಯಾರಿಗೂ ನಗು ಬರಲಿಲ್ಲ, ಅವರಿಗೂ.

ಒಂದು ಬೆಳಗ್ಗೆ ಬಚ್ಚಲಿನಿಂದ ಕೂಗು ಕೇಳಿತು. "ಬಂತು! ಅತ್ತಿಗೆ, ಬಂತು!" ಕೂತಲ್ಲೇ ಮಗಳ ಹೊಟ್ಟೆಗೆ ಮುಖವೊತ್ತಿ ಅತ್ತುಬಿಟ್ಟೆ. ಕಚಗುಳಿಯೆಂದು ಅವಳು ನಕ್ಕಳು.

ನಾದಿನಿ ತಿರುಪನ್ನು ಕುದಿಸಿ ತೊಳೆದು ಅಕ್ಕಸಾಲಿಗರಿಗೆ ಕೊಟ್ಟು, ನಡೆದದ್ದನ್ನೆಲ್ಲ ಹೇಳಿದಳು. ಅವರು ಅದನ್ನು ಮುಟ್ಟುವ ಮೊದಲು ಕೇಳಿದ್ದು, "ಮಗು ಹೇಗಿದೆಯಮ್ಮ?" ಆಮೇಲೆ ಇನ್ನೊಂದು ಜೊತೆ ಕೊಟ್ಟರು.

ಈಗ ಕೆಲಸದ ಹೊತ್ತಿನಲ್ಲಿ ಕೋಣೆಗೆ ಚಿಲಕ. ಮುಗಿಸಿ ಬಂದವಳು ಬಾಗಿಲಲ್ಲೇ ನಿಂತು, ತೋಳು ಕೊಡವಿ, ಎರಡೂ ಅಂಗೈ ಬಿಡಿಸಿ ತೋರಿಸುತ್ತಾಳೆ. ನಾನು ಕೇಳಿಲ್ಲವಲ್ಲೇ ಎನ್ನಬೇಕು ಅನ್ನಿಸುತ್ತದೆ. ಅನ್ನುವುದಿಲ್ಲ. ಮಗಳನ್ನು ಸೊಂಟಕ್ಕೆ ಬಿಗಿಯಾಗಿ ಅವಚಿಕೊಂಡು, ನಾದಿನಿಯ ಬೆರಳ ಸಂದುಗಳನ್ನೆಲ್ಲ ನೋಡಿಯೇ ದಾರಿ ಬಿಡುತ್ತೇನೆ.