ಬ್ಯಾಡಗಿ ಹಾದಿಯ ಹುರುಳಿ

ಮರುದಿನದ ಸೈಕಲ್ ರೇಸಿನ ಹಾದಿ ನೋಡಿ, ಸಂಜೆಯೊಳಗೆ ಹಾವೇರಿಯ ಸೈಬರ್ ಕೆಫೆಯಿಂದ ಪತ್ರಿಕೆಗೆ ಬರೆದು ಕಳಿಸಬೇಕಿತ್ತು. ರಾಣೆಬೆನ್ನೂರಿನಿಂದ ಬೈಕಿನಲ್ಲಿ ಹೊರಟೆ. ಏರಿಲ್ಲ, ಇಳುಕಲಿಲ್ಲ. ‘ವೇಗದ ಸವಾರರಿಗೆ ಅಡ್ಡಿಯೇ ಇಲ್ಲ’ ಎಂದು ಮನಸ್ಸಿನಲ್ಲೇ ಬರೆದುಕೊಂಡೆ. ಬ್ಯಾಡಗಿ ದಾಟಿದ್ದೇ ತಡ, ಅರ್ಧ ರಸ್ತೆಗೆ ಹುರುಳಿ ಹಾಸಿತ್ತು. ಹೋಗಿಬರುವ ಲಾರಿ, ಬಸ್ಸಿನ ಗಾಲಿಗಳೇ ಅದನ್ನು ಒಕ್ಕಬೇಕು. ಬೇವಿನ ನೆರಳಲ್ಲಿ ಕೂತಿದ್ದ ಯಜಮಾನರಿಗೆ ಹೇಳಿದೆ:

“ನಾಳೆ ಇಲ್ಲಿ ನೂರು ಸೈಕಲ್ ಬರ್ತಾವ್ರಿ.”

“ಹೌದಾ? ಹಂಗಾರ ಉಳದರ್ಧಕ್ಕೂ ಹಾಸ್ತೇನಿ!”

“ಬ್ಯಾಡ್ರಿ, ಜಾರಿ ಬೀಳ್ತಾರ. ಅವರ ಟೈರು ನಿಮ್ಮ ಹೆಬ್ಬೆರಳಷ್ಟ ದಪ್ಪ ಇರ್ತಾವ.”

ಯಜಮಾನರು ತಮ್ಮ ಹೆಬ್ಬೆರಳು ನೋಡಿಕೊಂಡರು. ಮುಖ ಸಪ್ಪಗಾಯಿತು.

“ಅಷ್ಟರಾಗ ಹುರಳಿ ಒಕ್ಕೂದಿಲ್ಲ ಬಿಡ್ರಿ. ತೆಗಿತೇನಿ.” ಆಮೇಲೆ ಏನೋ ಹೊಳೆಯಿತು. “ಅವರ ಹಿಂದ ಗಾಡಿ ಬರ್ತಾವೇನ್ರಿ?”

“ಬರ್ತಾವ್ರಿ. ಕಾರು, ಆಂಬುಲೆನ್ಸು, ಕಡೀಕ ನಮ್ಮ ಪೇಪರ್‌ನವರ ಜೀಪು.”

“ಹಂಗ ಹೇಳ್ರಿ ಮತ್ತ!”

ಮರುದಿನ ಯಾರು ಗೆದ್ದರೋ ನನಗೀಗ ನೆನಪಿಲ್ಲ. ಬ್ಯಾಡಗಿ ದಾಟಿದಾಗ ಸೈಕಲ್ಲುಗಳು ಕಣ್ಣಿಗೆ ಕಾಣದಷ್ಟು ಮುಂದಿದ್ದವು. ನಮ್ಮ ಜೀಪಿನ ಗಾಲಿಯ ಕೆಳಗೆ ಮಾತ್ರ ಚಟಚಟ ಸದ್ದು. ರಸ್ತೆಯ ಬದಿಯಿಂದ ಯಜಮಾನರು ಎರಡೂ ಕೈ ಎತ್ತಿ ಕೂಗಿದರು:

“ಸಾಹೇಬ್ರ, ಒಮ್ಮಿ ರಿವರ್ಸ್ ತಗೋರಿ!”

ತಗೊಂಡೆವು.