ಡಿಸೈನಕ್ಕನ ಡಬ್ಬ

ಆ ಬೀದಿಯಲ್ಲಿ ಯಾರ ಜೇಬಿನ ಮೇಲೆ ಹೂವಿದ್ದರೂ, ಯಾವ ಮಗುವಿನ ಎದೆಯ ಮೇಲೆ ಶಾಲೆಯ ಲಾಂಛನವಿದ್ದರೂ ಅದು ಡಿಸೈನಕ್ಕನ ಅಂಗಡಿಯಿಂದಲೇ ಬಂದದ್ದು. ಹುಟ್ಟಿದಾಗ ಇಟ್ಟ ಹೆಸರು ಅವಳಿಗೂ ಒಂದಿತ್ತು. ಈಗ ಅದನ್ನು ಹಿಡಿದು ಕರೆಯುವವರು ಬ್ಯಾಂಕಿನವರು ಮಾತ್ರ. ಮದುವೆಯಾದ ಹೊಸದರಲ್ಲಿ ಬೆಣ್ಣೆಕಾಗದದ ಮೇಲೆ ಬಳ್ಳಿ ಬರೆದು, ಗೆರೆಯುದ್ದಕ್ಕೂ ಸೂಜಿಯಲ್ಲಿ ಚುಚ್ಚಿ, ಮೇಲೆ ಪುಡಿ ಉಜ್ಜಿ ಬಟ್ಟೆಗೆ ಅಚ್ಚಿಳಿಸಿ, ಕೈಯಲ್ಲೇ ಕಸೂತಿ ಹಾಕುತ್ತಿದ್ದಳು. ಕಣ್ಣು ಸೋಲತೊಡಗಿದಾಗ ಕಸೂತಿ ಮಷೀನು ಬಂತು, ಅದರ ಬೆನ್ನಿಗೇ ಕಂಪ್ಯೂಟರೂ ಬಂತು. ಮೌಸನ್ನು ಇಸ್ತ್ರಿಪೆಟ್ಟಿಗೆಯ ಹಾಗೆ ಅದುಮಿ ಹಿಡಿದು ಕಲಿತ ಹೆಂಗಸು ಅವಳು. ಅಂದು ನಕ್ಕವರೇ ಆಮೇಲೆ ಅಂಗಡಿ ಬಾಗಿಲಲ್ಲಿ ಸಾಲುಗಟ್ಟಿದರು.

ಗಂಡ ಟೈಲರು. ಮಾತು ಕಡಿಮೆ, ದಾರ ಜಾಸ್ತಿ. ಸಡಿಲವಾದದ್ದು ಏನು ಕಂಡರೂ ಬಿಗಿದು ಕಟ್ಟಿಬಿಡುವ ಚಾಳಿ ಆ ಮನುಷ್ಯನದು. ಕೊಡೆಯ ಕಡ್ಡಿ, ಕನ್ನಡಕದ ಕಾಲು, ಪೊರಕೆಯ ಹಿಡಿ... ಮನೆಯಲ್ಲಿ ದಾರ ಸುತ್ತಿಸಿಕೊಳ್ಳದೆ ಉಳಿದವಳು ಹೆಂಡತಿಯೊಬ್ಬಳೇ. ಅದಕ್ಕೇ ಕಂಪ್ಯೂಟರು ಬಂದ ದಿನವೇ ಅವಳು ಗೆರೆ ಎಳೆದಿದ್ದಳು.

"ನೋಡ್ರೀ, ಈ ಡಬ್ಬಕ್ಕೆ ಮಾತ್ರ ಕೈ ಹಾಕ್ಬೇಡಿ. ಇದು ಕೊಡೆ ಅಲ್ಲ."

"ಆಗ್ಲಿ" ಅಂದಿದ್ದ ಟೈಲರು. ಅಲ್ಲಿಗೆ ಮಾತು ಮುಗಿದಿತ್ತು.

ಡಬ್ಬ ಕೂತಿದ್ದ ಜಾಗವೋ, ದೇವರೇ ಗತಿ. ಕಸೂತಿ ಮಷೀನಿಗೂ ಗೋಡೆಗೂ ನಡುವಿನ ಸಂದು ಅದು. ಬೆಕ್ಕೂ ಅಡ್ಡ ತಿರುಗಿಯೇ ಹೋಗಬೇಕು. ಮಷೀನು ಓಡಿದರೆ ನೆಲವೆಲ್ಲ ಗಡಗಡ. ಮೊದಮೊದಲು ಆ ಅಲುಗಾಟಕ್ಕೆ ಪರದೆ ಮಿಣಮಿಣ ಎಂದು ಪ್ರಾಣ ತಿನ್ನುತ್ತಿತ್ತು. ಆಗ ಪಕ್ಕದ ಬೀದಿಯ ರಿಪೇರಿಯವನು ಬಂದು, ಮುಚ್ಚಳ ತೆಗೆದು, ಉಫ್ ಎಂದು ಧೂಳೂದಿ, "ನೋಡೋಣ ಅಕ್ಕ" ಎಂದು ಹೋಗಿದ್ದ. ವಾರ ಕಳೆಯುವುದರೊಳಗೆ ಮಿಣಮಿಣ ನಿಂತೇಹೋಯಿತು. ಡಿಸೈನಕ್ಕ ಅವನ ಕೈಗುಣವನ್ನು ಬೀದಿಗೆಲ್ಲ ಸಾರಿದಳು. ಗಂಡನಿಂದ ಅವನಿಗೊಂದು ಶರ್ಟು ಹೊಲಿಸಿ, ಜೇಬಿನ ಮೇಲೆ ತಾನೇ ಕಸೂತಿ ಹಾಕಿ ಕೊಟ್ಟಳು. ಟೈಲರು ತುಟಿಪಿಟಕ್ಕೆನ್ನದೆ ಅಳತೆ ತೆಗೆದು ಹೊಲಿದ.

ಈಗ ಅದೇ ಡಬ್ಬ ಕೈಕೊಟ್ಟಿತ್ತು. ಒಳಗೆ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡಿನ ಫ್ಯಾನು ನಾಲ್ಕು ದಿನ ಕರಕರ ಎಂದು ಗೊಣಗಿ, ಆಮೇಲೆ ಸುಮ್ಮನಾಯಿತು. ಪರದೆ ಕಪ್ಪು. ಬೀದಿಗೆ ಹೊಸದಾಗಿ ಬಂದ ಕಂಪ್ಯೂಟರ್ ಅಂಗಡಿಯವನು ಬಗ್ಗಿಯೂ ನೋಡದೆ "ಇದನ್ನ ಗುಜರಿಗೆ ಹಾಕಿ ಅಕ್ಕ, ಹೊಸದು ತಗೊಳ್ಳಿ" ಎಂದುಬಿಟ್ಟ. ಅವನಿಗೇನು ಗೊತ್ತು? ಅವಳ ಹೊಲಿಗೆಯ ಸಾಫ್ಟ್‌ವೇರು ಈ ಡಬ್ಬದ ಮದರ್‌ಬೋರ್ಡಿಗೇ ಬೀಗ ಹಾಕಿಕೊಂಡು ಕೂತಿತ್ತು. ಬೇರೆ ಬೋರ್ಡಿನ ಮೇಲೆ ಅದು ಏಳುವುದಿಲ್ಲ. ಅದನ್ನು ಮಾರಿದ ಕಂಪನಿ ಬಾಗಿಲು ಹಾಕಿ ಎಷ್ಟೋ ಕಾಲವಾಗಿದೆ. ಬೋರ್ಡು ಹೋದರೆ ಅವಳು ಬರೆದ ಒಂದೊಂದು ಹೂವೂ, ಒಂದೊಂದು ಬಳ್ಳಿಯೂ ತೆರೆಯಲು ಬಾರದ ಫೈಲಾಗಿ ಉಳಿಯುತ್ತದೆ. ಮತ್ತೆ ಬರೆಯೋಣವೆಂದರೆ ಕಣ್ಣು ಬಿಡುವುದಿಲ್ಲ.

ಹಳೆಯ ರಿಪೇರಿಯವನು ಊರು ಬಿಟ್ಟಿದ್ದ. ಫೋನಿನಲ್ಲಿ ಸಿಕ್ಕಿದ.

"ಭಯ ಬೀಳ್ಬೇಡಿ ಅಕ್ಕ. ಕಾರ್ಡು ತೆಗೆದುಬಿಡಿ. ಪರದೆ ವೈರನ್ನ ಬೋರ್ಡಿನದೇ ತೂತಿಗೆ ಹಾಕಿ, ಬರುತ್ತೆ. ಕಾರ್ಡಿನ ಬುಡದಲ್ಲಿ ಒಂದು ಪ್ಲಾಸ್ಟಿಕ್ ಕೊಂಡಿ ಇರುತ್ತೆ, ಅದನ್ನ ಒತ್ತಿ ಹಿಡಿದು ಮೇಲಕ್ಕೆ ಎತ್ತಬೇಕು. ಕೊಂಡಿ ಬಿಡದೆ ಎಳೆದ್ರೆ ಮಾತ್ರ ಬೋರ್ಡೇ ಕಿತ್ತು ಬರುತ್ತೆ, ನೋಡ್ಕೊಳ್ಳಿ."

"ಭಯ ಬೀಳ್ಬೇಡಿ ಅಂತ ಶುರು ಮಾಡಿ ಎಲ್ಲಿಗೆ ತಂದು ನಿಲ್ಲಿಸ್ದೆ ನೋಡು ತಮ್ಮಾ" ಎಂದು ಅವಳು ಫೋನಿಟ್ಟಳು.

ಬೆಳಗಿನ ಬೆಳಕಿರುವಾಗಲೇ ಕೂತಳು. ಕರೆಂಟಿನ ಪ್ಲಗ್ಗು ಕಿತ್ತಳು. ಸಂದಿಯಿಂದ ಡಬ್ಬವನ್ನು ಎಳೆದರೆ ಅರ್ಧಕ್ಕೇ ನಿಂತಿತು, ಅಷ್ಟರಲ್ಲೇ ಕೆಲಸವಾಗಬೇಕು. ಡಬ್ಬದ ಬಾಗಿಲಿನ ಸ್ಕ್ರೂ ಬಿಚ್ಚಿದ ತಕ್ಷಣ ಅದು ಬೆರಳಿಂದ ಜಾರಿ, ಮಷೀನಿನ ಕೆಳಗೆ ಉರುಳಿ, ಕಣ್ಮರೆಯಾಯಿತು. ಹಾಳಾಗಿ ಹೋಗಲಿ ಎಂದಳು. ಒಳಗೆ ನೋಡಿದರೆ ವೈರಿನ ಗೋಜಲು, ಅದರಡಿಯಲ್ಲಿ ದಪ್ಪನೆಯ ಕಾರ್ಡು ಉದ್ದಕ್ಕೆ ಮಲಗಿತ್ತು. ವೈರುಗಳನ್ನು ಬದಿಗೆ ಸರಿಸಿ ಬಟ್ಟೆಯ ಕ್ಲಿಪ್ಪು ಹಾಕಿದಳು. ಕಾರ್ಡನ್ನು ತಗಡಿಗೆ ಹಿಡಿದಿದ್ದ ಸ್ಕ್ರೂವನ್ನು ಈ ಸಲ ಹುಷಾರಾಗಿ ಬಿಚ್ಚಿ ಸೆರಗಿನಲ್ಲಿ ಗಂಟು ಹಾಕಿದಳು.

ಆಮೇಲೆ ಕೊಂಡಿ. ಬೆರಳು ತೂರಲಿಲ್ಲ. ಕ್ರೋಶಾ ಕಡ್ಡಿ ತೂರಿಸಿ ಒತ್ತಿದಳು. ಕೊಂಡಿ ಕಡ್ಡಿಗೆ ಸಿಕ್ಕಿತು, ಆದರೆ ಮಿಸುಕಲಿಲ್ಲ. ಕಾರ್ಡನ್ನು ಮೆಲ್ಲಗೆ ಎತ್ತಿದರೆ ಜೊತೆಗೆ ಇಡೀ ಬೋರ್ಡು ಕಿರ್ರೆಂದಿತು. ಬೆವರಿದ ಕೈಯನ್ನು ಸೆರಗಿಗೆ ಒರೆಸಿಕೊಂಡು ಇನ್ನೊಮ್ಮೆ ಒತ್ತಿದಳು. ಇಲ್ಲ. ಕಣ್ಣಲ್ಲಿ ನೀರು ಬಂತು. ನೀರಿಗಿಂತ ಮೊದಲು ಸಿಟ್ಟು ಬಂತು. ಒಂದೇ ಎಳೆತಕ್ಕೆ ಕಿತ್ತು ಬಿಸಾಡುತ್ತೇನೆ ಎಂದು ಎರಡೂ ಕೈ ಹಾಕಿದಳು.

ಹೊರಗೆ ಟೈಲರನ ಮಷೀನಿನ ಸದ್ದು ನಿಂತಿತು.

"ಎಳೀತಿದ್ದೀಯಾ?" ಎಂದ ಅವನು, ಕೂತಲ್ಲಿಂದಲೇ.

"ಹೂಂ."

"ಎಳೀಬೇಡ. ದೀಪ ಹಿಡಿದು ಕೆಳಗಡೆ ನೋಡು."

ದನಿಯಲ್ಲಿ ಏನೋ ಇತ್ತು. ಅವಳು ಫೋನಿನ ಟಾರ್ಚ್ ಹಚ್ಚಿ, ನೆಲಕ್ಕೆ ಕೆನ್ನೆಯಿಟ್ಟು, ಕಾರ್ಡಿನ ಹೊಟ್ಟೆಯಡಿ ನೋಡಿದಳು. ಕೊಂಡಿಯ ಸುತ್ತ ಕಪ್ಪು ದಾರ! ಮೇಣ ಹಚ್ಚಿದ ಗುಂಡಿ ದಾರ. ಕೊಂಡಿಯನ್ನೂ ಕಾರ್ಡಿನ ಮೂಲೆಯನ್ನೂ ಸೇರಿಸಿ ಒತ್ತಾಗಿ ಸುತ್ತಿ, ಕೊನೆಗೆ ಎರಡು ಮಡಿಕೆ ಹಾಕಿ ಬಿಗಿದ ಗಂಟು. ಆ ಗಂಟನ್ನು ಅವಳು ಕಣ್ಣು ಮುಚ್ಚಿಕೊಂಡೂ ಗುರುತಿಸಬಲ್ಲಳು. ಅವನು ಹೊಲಿದ ಶರ್ಟಿನ ಗುಂಡಿ ಶರ್ಟು ಹರಿದರೂ ಬೀಳುವುದಿಲ್ಲ.

ಹೊಲಿಗೆ ಬಿಚ್ಚುವ ಕತ್ತಿಯನ್ನು ತೂರಿಸಿ ಒಂದೊಂದೇ ಸುತ್ತು ಕೊಯ್ದಳು. ಈ ಕೆಲಸಕ್ಕೆ ಅವಳಿಗೆ ಯಾರ ಪಾಠವೂ ಬೇಕಿರಲಿಲ್ಲ. ದಾರ ಉದುರಿತು, ಕೊಂಡಿ ಟಕ್ಕೆಂದಿತು, ಕಾರ್ಡು ಹೂವೆತ್ತಿದ ಹಾಗೆ ಕೈಗೆ ಬಂತು. ಬೋರ್ಡಿಗೆ ಒಂದು ಗೀರೂ ಇಲ್ಲ. ವೈರು ಬದಲಿಸಿ, ಪ್ಲಗ್ಗು ಹಾಕಿ, ಗುಂಡಿ ಒತ್ತಿ, ಉಸಿರು ಬಿಗಿಹಿಡಿದು ಕೂತಳು. ಪರದೆ ಕಪ್ಪಾಗಿಯೇ ಇತ್ತು. ಆಮೇಲೆ ಬೂದಿ ಬಣ್ಣವಾಯಿತು. ಆಮೇಲೆ ಸಾಫ್ಟ್‌ವೇರು ತೆರೆಯಿತು. ಅರ್ಧಕ್ಕೆ ನಿಂತಿದ್ದ ಬಳ್ಳಿ, ತುದಿಯ ಮೊಗ್ಗಿನ ಸಮೇತ, ಎದುರಿಗೆ ನಿಂತಿತು. ಡಿಸೈನಕ್ಕ ಗೋಡೆಗೆ ಒರಗಿ ಕಾಲು ಚಾಚಿ, ಮಗುವಿನ ಹಾಗೆ ಬಿಕ್ಕಿ, ಹಾಗೇ ನಕ್ಕಳು. ಹೋದ ಜೀವ ಬಂದಂತಾಗಿತ್ತು.

ಬಾಗಿಲಲ್ಲಿ ಟೈಲರು ನಿಂತಿದ್ದ, ಒಳಗೆ ಕಾಲಿಡದೆ.

"ಯಾವಾಗ ಕಟ್ಟಿದ್ರಿ?"

"ಅವನು ಧೂಳೂದಿ ಹೋದ ಮೇಲೆ. ಮಿಣಮಿಣ ನಿಂತಿರ್ಲಿಲ್ಲ. ನೀನು ಪೇಟೆಗೆ ಹೋಗಿದ್ದೆ. ನೋಡಿದ್ರೆ ಕಾರ್ಡು ಅಲುಗಾಡ್ತಿತ್ತು... ಕೈ ತಡೀಲಿಲ್ಲ."

"ಅಂದ್ರೆ ನಿಲ್ಸಿದ್ದು ನೀವು! ಮತ್ತೆ ನಾನು ಬೀದಿಗೆಲ್ಲ ಅವನನ್ನ ಹೊಗಳ್ತಾ ಇದ್ರೆ ಬಾಯಿ ಬಿಡೋದಲ್ವಾ? ಅವನಿಗೆ ಶರ್ಟು ಬೇರೆ ಹೊಲಿದ್ರಿ!"

"ಕೈ ಹಾಕ್ಬೇಡಿ ಅಂದಿದ್ದೆಯಲ್ಲ" ಎಂದ ಟೈಲರು. ಸ್ವಲ್ಪ ಯೋಚಿಸಿ, "ಕಾಲರು ಚೆನ್ನಾಗಿ ಕೂತಿತ್ತು ಕಣೆ, ಆ ಶರ್ಟಿಗೆ" ಎಂದ.

ಇಷ್ಟು ವರ್ಷ ಅವಳ ಅನ್ನವನ್ನು ಹಿಡಿದಿದ್ದು ಆ ಗಂಟು. ಕಟ್ಟಿದವನು ಹೊರಗೆ ಕೂತು, ಇನ್ನೊಬ್ಬನ ಹೊಗಳಿಕೆ ಕೇಳುತ್ತ ಗುಂಡಿಯ ಕಾಜಾ ಹೊಲಿಯುತ್ತಿದ್ದ. ಅವಳು ಡಬ್ಬದ ಬಾಗಿಲನ್ನು ಜಾಗಕ್ಕೆ ಕೂರಿಸಿದಳು. ಕೈ ಬಿಟ್ಟರೆ ಬೀಳುತ್ತಿತ್ತು. ಸ್ಕ್ರೂ ಮಷೀನಿನಡಿಯಲ್ಲಿ ಎಲ್ಲೋ ಇತ್ತು. ಸೆರಗಿನ ಗಂಟಿನಲ್ಲಿದ್ದ ಇನ್ನೊಂದು ಸ್ಕ್ರೂ ಅವಳಿಗೆ ನೆನಪಾಯಿತು, ಆದರೆ ಗಂಟು ಬಿಚ್ಚಲಿಲ್ಲ.

"ರೀ, ಅಲ್ಲೇ ಯಾಕೆ ನಿಂತಿದ್ದೀರಿ?" ಎಂದಳು, ಒಂದು ಕೈಯಲ್ಲಿ ಬಾಗಿಲನ್ನು ಒತ್ತಿ ಹಿಡಿದು. "ಸ್ಕ್ರೂ ಕಳೆದುಹೋಯ್ತು. ದಾರ ತಗೊಂಡು ಒಳಗೆ ಬನ್ನಿ."